ಕಣದ ಮೇಲೆ ಎದ್ದ ಕಟ್ಟಡ

ಕಂಬದಕೊಪ್ಪಲಿನ ಸಿದ್ದರಾಮು ಗ್ಯಾಸ್ ಸಿಲಿಂಡರನ್ನು ತೂಗಿಸಿಕೊಂಡ ಮೇಲೂ ಒಮ್ಮೆ ಎತ್ತಿ, ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿ ನಿಲ್ಲುವ ಮನುಷ್ಯ. ಹೊಸಬರು ನೋಡಿದರೆ ಕಳೆದುಹೋದ ಮಗ ಸಿಕ್ಕಿದ್ದಾನೇನೋ ಅಂದುಕೊಳ್ಳಬೇಕು. "ಕಾಟಾ ಸುಳ್ಳು ಯೋಳ್ತದೆ, ತೋಳು ಯೋಳಕಿಲ್ಲ" ಎಂಬುದು ಅವನ ಸಿದ್ಧಾಂತ. ಡೇರಿಯ ಯಂತ್ರ ಅವನ ಹಾಲಿಗೆ ಕಡಿಮೆ ಫ್ಯಾಟು ತೋರಿಸಿದರೆ ಯಂತ್ರದ ಮೇಲೆ ಅನುಮಾನ. ಹೆಚ್ಚು ತೋರಿಸಿದರೆ ಪಕ್ಕದ ಮನೆಯವರ ಹಾಲು ತನ್ನ ಕ್ಯಾನಿಗೆ ಯಾಕೆ ಬಿತ್ತು ಎಂಬ ಅನುಮಾನ. ಒಮ್ಮೆ ಪಂಚಾಯ್ತಿ ಮೆಂಬರ್ ಕೂಡ ಆಗಿದ್ದ. ಎದುರು ನಿಂತವನು ಕೊನೇ ಗಳಿಗೆಯಲ್ಲಿ ಹಿಂದೆ ಸರಿದಿದ್ದರಿಂದ ಅವಿರೋಧವಾಗಿ ಗೆದ್ದು, "ಅವ್ನು ಯಾಕೆ ಹಿಂದುಕ್ ಸರ್ದ?" ಎಂದು ಯೋಚಿಸುವುದರಲ್ಲೇ ಅವಧಿ ಪೂರ್ತಿ ಕಳೆದ. ಮೆಂಬರ್‌ಗಿರಿ ಹೋಗಿ ಎಷ್ಟೋ ವರ್ಷವಾಗಿದ್ದರೂ ಊರು ಅವನನ್ನು ಮೆಂಬರ್ರು ಅಂತಲೇ ಕರೆಯುತ್ತದೆ. ಹಾಗೆ ಕರೆಯುವಾಗ ಯಾರಾದರೂ ನಗುತ್ತಾರೆಯೇ ಎಂದು ಅವನು ತಪ್ಪದೆ ನೋಡಿಕೊಳ್ಳುತ್ತಾನೆ.

ಇಷ್ಟೆಲ್ಲ ಅನುಮಾನಪಟ್ಟರೂ ಒಂದು ವಿಷಯದಲ್ಲಿ ಮಾತ್ರ ಅವನಿಗೆ ಗಟ್ಟಿ ನಂಬಿಕೆಯಿತ್ತು. ಅದು ತನ್ನ ಕಣ್ಣು. "ಈ ಕೊಪ್ಪಲಲ್ಲಿ ನನ್ ಕಣ್ಣು ತಪ್ಸಿ ಒಂದು ಕೋಳಿ ಮೊಟ್ಟೆ ಇಕ್ಕಕಿಲ್ಲ ಕಣ್ಲಾ" ಎಂದು ಬೆಸಗರಹಳ್ಳಿಯ ಟೀ ಅಂಗಡಿಯಲ್ಲಿ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಕೇಳಿದವರು ತಲೆಯಾಡಿಸಿ ಟೀ ಊದಿಕೊಳ್ಳುತ್ತಿದ್ದರು.

ಅವನ ಮನೆಯ ಪಕ್ಕದಲ್ಲಿ ಒಂದು ಕಣವಿದೆ. ಜನ ಹುರುಳಿಯನ್ನೂ ರಾಗಿಯನ್ನೂ ಟಾರು ರಸ್ತೆಗೆ ಹಾಸಿ ಬಸ್ಸಿನ ಗಾಲಿಯಿಂದ ಪುಕ್ಕಟೆ ಒಕ್ಕಿಸಿಕೊಳ್ಳುವುದನ್ನು ಕಲಿತ ಮೇಲೆ ಕಣಕ್ಕೆ ಕೆಲಸ ತಪ್ಪಿತು. ಈಗ ಅಲ್ಲಿ ತೆನೆ ಒಕ್ಕುತ್ತಿದ್ದ ರೋಣಗಲ್ಲೊಂದು ಮೂಲೆಯಲ್ಲಿ ಮಲಗಿದೆ, ಅದರ ಮೇಲೆ ನಾಯಿ ಮಲಗುತ್ತದೆ. ಕಣದ ಆಚೆಗೆ ತಮ್ಮ ಪುಟ್ಟರಾಜುವಿನ ಮನೆ. ಪಾಲಾದಾಗ ಕಣ ಸಿದ್ದರಾಮುವಿಗೆ ಬಂದಿತ್ತು. ಅವನು ಅದನ್ನು ಮಗಳು ಗಗನಳಿಗೆ ಬರೆದುಕೊಟ್ಟಿದ್ದ. ಗಗನ ಮಳವಳ್ಳಿಯಲ್ಲಿ ನರ್ಸಾಗಿದ್ದವಳು ಮದ್ದೂರಿಗೆ ವರ್ಗ ಮಾಡಿಸಿಕೊಂಡಿದ್ದಳು. ಮಳವಳ್ಳಿಯ ಬಾಡಿಗೆ ಮನೆಯ ಯಜಮಾನರು, ಮಗನ ಮದುವೆ ಗೊತ್ತಾಗಿದೆ, ಯುಗಾದಿಯೊಳಗೆ ಮನೆ ಬಿಡಿ ಎಂದಿದ್ದರು. ಕಣದಲ್ಲಿ ಮನೆ ಏಳಬೇಕು, ಬೇಗ ಏಳಬೇಕು. ಸಾಲಕ್ಕೆ ಅರ್ಜಿ ಹೋಯಿತು.

ಸಾಲ ಕೊಡುವವರ ಕಡೆಯಿಂದ ಪುನೀತ್ ಎಂಬಾತ ಜಾಗ ನೋಡಲು ಬಂದ. ಕಣದ ನಡುವೆ ನಿಂತು ಮೊಬೈಲ್ ನೋಡಿದ, ಕಾಲಕೆಳಗೆ ನೋಡಿದ, ಮತ್ತೆ ಮೊಬೈಲ್ ನೋಡಿದ.

"ಯಜಮಾನ್ರೇ, ಇಲ್ಲಿ ಆಗ್ಲೇ ಒಂದು ಬಿಲ್ಡಿಂಗ್ ಇದೆಯಲ್ಲ," ಅಂದ.

ಸಿದ್ದರಾಮು ಸುತ್ತ ನೋಡಿದ. ಕಲ್ಲಿನ ಮೇಲಿದ್ದ ನಾಯಿಯೂ ತಲೆಯೆತ್ತಿ ನೋಡಿತು. "ಎಲ್ಲಿ?"

"ನಕ್ಷೇಲಿ. ನೀವು ನಿಂತಿರೋದು ಅದರ ಹಜಾರದಲ್ಲಿ."

ಪುನೀತ್ ವಿವರಿಸಿದ. ದೇಶಕ್ಕೆಲ್ಲ ಒಂದೇ ಡಿಜಿಟಲ್ ನಕ್ಷೆ ಮಾಡುತ್ತಿದ್ದಾರೆ. ಮೇಲಿಂದ ಚಿತ್ರ ತೆಗೆಯುತ್ತಾರೆ, ಚಾವಣಿಯ ಹಾಗೆ ಕಂಡಲ್ಲೆಲ್ಲ ಕಂಪ್ಯೂಟರು ಸುತ್ತ ಗೆರೆ ಎಳೆದು ಇದೊಂದು ಕಟ್ಟಡ ಅನ್ನುತ್ತದೆ. ಹಳೆಯ ನಕ್ಷೆಯಲ್ಲಿ ಈ ಕಣ ಖಾಲಿಯಿತ್ತು, ಹೊಸದರಲ್ಲಿ ದೊಡ್ಡದೊಂದು ಕಟ್ಟಡ ಎದ್ದಿದೆ. ಅದು ಯಾರದು, ಎಲ್ಲಿ ಹೋಯಿತು ಎಂದು ತೀರ್ಮಾನವಾಗಿ ನಕ್ಷೆಯಿಂದ ಅಳಿಸುವವರೆಗೆ ಸಾಲದ ಫೈಲು ಮುಂದೆ ಹೋಗುವುದಿಲ್ಲ.

ಸಿದ್ದರಾಮು ಮೊಬೈಲಿನೊಳಗೆ ಇಣುಕಿದ. ತನ್ನ ಮನೆಗೂ ಪುಟ್ಟರಾಜುವಿನ ಮನೆಗೂ ನಡುವೆ ಎರಡನ್ನೂ ನುಂಗುವಂಥ ಒಂದು ಚೌಕ. ಆ ಕ್ಷಣ ಅವನಿಗೆ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನವೇ ಆಯಿತು ಅನ್ನಬೇಕು. ಇಷ್ಟು ವರ್ಷ ಪಟ್ಟ ಅನುಮಾನವೆಲ್ಲ ಕಡೆಗೂ ಒಂದು ಆಕಾರ ತಾಳಿ, ನಾಲ್ಕು ಮೂಲೆ ಸಮೇತ ಕಣ್ಣ ಮುಂದೆ ಬಂದಿತ್ತು.

ಮೊದಲ ಅನುಮಾನ ತಮ್ಮನ ಮೇಲೆ. ಒಡಹುಟ್ಟಿದವರ ಮೇಲೆ ಬಾರದೆ ಇನ್ನಾರ ಮೇಲೆ ಬಂದೀತು? ಅಂದೇ ಸಂಜೆ ಪುಟ್ಟರಾಜುವಿನ ಜಗಲಿಗೆ ಹೋಗಿ ಕೂತ.

"ಪುಟ್ಟರಾಜು, ನಮ್ ಕಣದಲ್ಲಿ ಯಾರೋ ಬಿಲ್ಡಿಂಗ್ ಕಟ್ಟವ್ರಂತೆ."

"ಎಲ್ಲಣ್ಣ, ಖಾಲಿ ಬಿದ್ದದಲ್ಲ."

"ನೆಲದ ಮ್ಯಾಲಲ್ಲ ಕಣ್ಲಾ, ನಕ್ಸೇಲಿ. ಆಕಾಸದಿಂದ ಪೋಟೋ ತೆಗುದವ್ರಂತೆ, ಅದ್ರಲ್ಲಿ ಬಂದದೆ."

ಪುಟ್ಟರಾಜು ಬೀಡಿ ಹಚ್ಚುತ್ತಿದ್ದವನು ಕಡ್ಡಿ ಬೆರಳಿಗೆ ಬರುವವರೆಗೂ ಉರಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಯಾವತ್ತಿನ ಪೋಟೋವಂತೆ?"

ಸಿದ್ದರಾಮುವಿನ ಕಿವಿ ನೆಟ್ಟಗಾಯಿತು. ತಪ್ಪಿಲ್ಲದವನಾದರೆ 'ಎಷ್ಟು ದೊಡ್ಡದು' ಎಂದು ಕೇಳಬೇಕಿತ್ತು, 'ಯಾರು ತೆಗೆದದ್ದು' ಎಂದು ಕೇಳಬೇಕಿತ್ತು. 'ಯಾವತ್ತಿನದು' ಅಂತ ಯಾಕೆ ಕೇಳಬೇಕು?

ಮನೆಗೆ ಬಂದು ಹೆಂಡತಿ ದೇವಿರಮ್ಮನಿಗೆ ಹೇಳಿದ. ಆಕೆ ಮುದ್ದೆ ತೊಳಸುವ ಕೋಲನ್ನು ಮಡಕೆಯಿಂದ ಎತ್ತದೆ, "ಅಯ್ಯೋ ಬುಡಿ ಅತ್ಲಾಗಿ, ಮೋಡದ ನೆಳ್ಳು ಬಿದ್ದಿರ್ಬೈದು," ಅಂದಳು.

"ಮೋಡಕ್ಕೆ ನಾಕು ಮೂಲೆ ಇರ್ತದೇನಮ್ಮಿ?"

"ಈಗಿನ್ ಕಾಲದ ಮೋಡ ಯಾರ್ ಕಂಡವ್ರೆ."

ಮುದ್ದೆ ಅಂದು ಗಂಟಾಗಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ದೇವಿರಮ್ಮನ ಮುದ್ದೆ ಗಂಟಾದದ್ದಿಲ್ಲ. ಸಿದ್ದರಾಮು ಗಂಟನ್ನು ಬೆರಳಲ್ಲಿ ಹಿಸುಕಿ ನೋಡಿ ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡ.

ಮಾರನೆಯ ದಿನದಿಂದ ವಿಚಾರಣೆ ಶುರುವಾಯಿತು. ಬೆಸಗರಹಳ್ಳಿಯ ಟೀ ಅಂಗಡಿ ಶಿವಯ್ಯ ಜಗತ್ತಿನ ಯಾವ ವಿಷಯಕ್ಕೂ ಬಾಯಿ ಹಾಕುವವನು. ಕಣದ ಕಟ್ಟಡದ ಮಾತು ಬಂದದ್ದೇ ಸ್ಟವ್‌ಗೆ ಪಂಪ್ ಹೊಡೆಯತೊಡಗಿದ. ಅಂಗಡಿಯಲ್ಲಿ ಇದ್ದದ್ದು ಗ್ಯಾಸ್ ಒಲೆ. ಊರಿನಲ್ಲಿ ಯಶೋದಮ್ಮನ ಮನೆಯ ಮುಂದೆ ನಾಲ್ಕು ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದವರು ಅವನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬಳಂತೂ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಎಲ್ಲರಿಗೂ ಏನೋ ಗೊತ್ತಿದೆ. ಎಲ್ಲರೂ ಸೇರಿದ್ದಾರೆ. ತಾನು ಜೀವಮಾನವಿಡೀ ಹೇಳುತ್ತಾ ಬಂದದ್ದು ಇದನ್ನೇ ಅಲ್ಲವೇ?

ಅಪ್ಪನ ತನಿಖೆ ಮುಗಿಯುವಷ್ಟರಲ್ಲಿ ಯುಗಾದಿ ಬಂದು ಹೋಗುತ್ತದೆಂದು ಗಗನಳಿಗೆ ಗೊತ್ತಿತ್ತು. ನಕ್ಷೆ ಮಾಡುವವರಿಗೇ ಆನ್‌ಲೈನಿನಲ್ಲಿ ದೂರು ಹಾಕಿದಳು. ಕೆಲವೇ ದಿನದಲ್ಲಿ ಟೋಪಿ ಹಾಕಿದ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಬಂದು ಕಣದ ಅಂಚಿನಲ್ಲಿ ಇಳಿದಳು. ಚಿತ್ರದಲ್ಲಿ ಕಂಡದ್ದು ನೆಲದ ಮೇಲೆ ಇದೆಯೋ ಇಲ್ಲವೋ ನೋಡಿ ನಕ್ಷೆ ತಿದ್ದುವುದು ಅವಳ ಕೆಲಸ. ಹೆಸರು ಶೋಭಿತಾ.

"ಯಾವೂರವ್ವ?" ಸಿದ್ದರಾಮು ಕೇಳಿದ.

"ಮಳವಳ್ಳಿ ಹತ್ರ."

"ಮಳವಳ್ಳಿ ಅತ್ರ ಅಂದ್ರೆ, ಯಾರ ಪೈಕಿ?"

ಶೋಭಿತಾ ಈ ಪ್ರಶ್ನೆಯನ್ನು ಹೋದ ಊರಲ್ಲೆಲ್ಲ ಕೇಳಿಸಿಕೊಂಡಿದ್ದಳು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದೂ ಅವಳಿಗೆ ಗೊತ್ತಿತ್ತು. "ಚಿಕ್ಕಬೋರಯ್ಯ ಮೇಷ್ಟ್ರ ಮಗಳು. ಸದ್ಯಕ್ಕೆ ನಕ್ಷೆಯೋರ ಪೈಕಿ," ಎಂದು ಟ್ಯಾಬ್ ತೆರೆದಳು. ಸಿದ್ದರಾಮು ಮುಂದೆ ಕೇಳಲಿಲ್ಲ. ಕೇಳಬೇಕಾದ ಬೇರೆ ಪ್ರಶ್ನೆಗಳೇ ಬೇಕಾದಷ್ಟಿದ್ದವು.

ಅಷ್ಟರಲ್ಲಿ ಪುಟ್ಟರಾಜು ಬಂದ, ಅವನ ಮಗ ಯತೀಶ್ ಬಂದ, ಯಶೋದಮ್ಮ ಬಂದಳು. ಒಬ್ಬಳು ಹುಡುಗಿ ಟ್ಯಾಬ್ ಹಿಡಿದು ನಿಂತರೆ ಸೇರುವಷ್ಟು ಜನವೆಲ್ಲ ಸೇರಿದರು. ಆದರೆ ಯಾರೂ ಹತ್ತಿರ ಬರಲಿಲ್ಲ. ಸಾವಿನ ಮನೆಯ ಮುಂದೆ ನಿಂತ ಹಾಗೆ ಕೈಕಟ್ಟಿಕೊಂಡು ದೂರದಲ್ಲೇ ನಿಂತರು.

"ಈ ಪೋಟೋ ಯಾವತ್ತಿಂದವ್ವ?" ತಮ್ಮನ ಪ್ರಶ್ನೆಯನ್ನೇ ಸಿದ್ದರಾಮು ತಮ್ಮನಿಗೆ ಕೇಳಿಸುವಂತೆ ಕೇಳಿದ.

"ಹೋದ ವರ್ಷ ಮೇ ತಿಂಗಳದು. ಒಂದು ಬುಧವಾರ."

ಮೇ ತಿಂಗಳು. ಸಿದ್ದರಾಮು ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಮಳವಳ್ಳಿಯಲ್ಲಿ ಗಗನಳ ಮನೆಯಲ್ಲಿದ್ದದ್ದು ಆಗಲೇ. ಯತೀಶನ ಮದುವೆ ಮಂಡ್ಯದ ಛತ್ರದಲ್ಲಿ ಮುಗಿದ ಮರುದಿನವೇ ದೇವಿರಮ್ಮ ಹಟ ಹಿಡಿದು ಆಪರೇಷನ್‌ಗೆ ಕರೆದೊಯ್ದಿದ್ದಳು. ತಾನು ಮಾತ್ರ ಹಸು ಕರೆಯುವವರಿಲ್ಲ ಎಂದು ಊರಿಗೆ ಹಿಂದಿರುಗಿದ್ದಳು.

"ನೋಡುದ್ರಾ," ಎಂದ ಸಿದ್ದರಾಮು ಎಲ್ಲರ ಕಡೆ ತಿರುಗಿ. "ನಾನಿಲ್ದೇ ಇದ್ದಾಗ ಕಟ್ಟಿ, ನಾನ್ ಬರೋದ್ರೊಳಗೆ ಕೆಡುಗವ್ರೆ. ಏನ್ ಧೈರ್ಯ. ದೊಡ್ಡದು ಮಾಡವ್ವ ಅದ, ಕಳ್ರು ಮಕ ನೋಡವ."

ಶೋಭಿತಾ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದಳು. ಸಿದ್ದರಾಮು ಹೊಸ ಕಣ್ಣನ್ನು ಕಿರಿದು ಮಾಡಿ ನೋಡಿದ.

ಚಾವಣಿ ಬೆಳ್ಳಗಿತ್ತು. ಅಂಚಿನಲ್ಲಿ ಕೆಂಪು ಪಟ್ಟಿಯಿತ್ತು. ಶೀಟಿನ ಅಂಚು ನೆಟ್ಟಗಿರಬೇಕು. ಇದು ಅಲ್ಲಲ್ಲಿ ತೊಟ್ಟಿಲಿನ ಹಾಗೆ ಜಗ್ಗಿತ್ತು. ಪಕ್ಕದಲ್ಲಿ ಸಾಲಾಗಿ ಬೈಕುಗಳು, ಎರಡು ಟೆಂಪೋ, ಪುಟ್ಟರಾಜುವಿನ ಟ್ರ್ಯಾಕ್ಟರು. ಹಿಂದುಗಡೆ, ರೋಣಗಲ್ಲಿನ ಹತ್ತಿರ, ಕರ್ರಗೆ ಉರುಟುರುಟಾಗಿ ಏನೋ ಇತ್ತು. ಅದರ ಮೇಲೆ ತೆಳ್ಳಗೆ ಹೊಗೆ.

ಸಿದ್ದರಾಮು ಟ್ಯಾಬಿನ ಮೇಲೆ ಇನ್ನಷ್ಟು ಬಗ್ಗಿದ. ಅವನಿಗೆ ಗೊತ್ತಿಲ್ಲದ ವಿಷಯ ಬೇಕಾದಷ್ಟಿರಬಹುದು. ಆದರೆ ಮೂರು ಕಲ್ಲಿನ ಒಲೆಯ ಮೇಲೆ ಕೂತ ಬೀಗರೂಟದ ಕೊಳದಪ್ಪಲೆ ಮೇಲಿಂದ ಕಂಡರೂ ಕೆಳಗಿಂದ ಕಂಡರೂ ಮಂಡ್ಯ ಸೀಮೆಯವನಿಗೆ ಗುರುತು ಸಿಕ್ಕದೆ ಇರುವುದಿಲ್ಲ. ಅದೂ ಬುಧವಾರ. ಸೋಮವಾರವಲ್ಲ, ಶನಿವಾರವಲ್ಲ, ಮಾಂಸಕ್ಕೆ ಅಡ್ಡಿಯಿಲ್ಲದ ಬುಧವಾರ.

ಅದು ಶಾಮಿಯಾನ. ಯತೀಶನ ಬೀಗರೂಟ ತನ್ನದೇ ಕಣದಲ್ಲಿ ನಡೆದಿತ್ತು. ತನ್ನನ್ನು ಬಿಟ್ಟು.

ಅವನಿಗೆ ಹೇಳಿದ್ದು ಬೇರೆ. ಹೆಣ್ಣಿನ ಅಪ್ಪ ಏನೋ ಹರಕೆಯಿಂದ ಮಾಂಸ ಬಿಟ್ಟಿದ್ದಾನೆ, ಹಾಗಾಗಿ ಮದುವೆ ಮುಗಿದ ಮೇಲೆ ಬೀಗರಿಗೆ ಹಾಕುವ ಬಾಡೂಟವೇ ಬೇಡವೆಂದು ಎರಡೂ ಕಡೆ ಒಪ್ಪಿದ್ದಾರೆ ಎಂದಿದ್ದರು. ಸಿದ್ದರಾಮು ಅದನ್ನು ನಂಬಿದ್ದಷ್ಟೇ ಅಲ್ಲ, ತನ್ನ ಸಾಧನೆಯ ಲೆಕ್ಕಕ್ಕೂ ಸೇರಿಸಿಕೊಂಡಿದ್ದ. "ದುಂದುವೆಚ್ಚ ಬ್ಯಾಡ ಅಂದೆ, ನಿಲ್ಸುಬುಟ್ರು. ಒಬ್ಬ ಯೋಳೋನಿರ್ಬೇಕು ಊರಿಗೆ" ಎಂದು ಆ ವರ್ಷ ಪೂರ್ತಿ ಜಗಲಿ ಜಗಲಿಯಲ್ಲಿ ಉಪದೇಶ ಮಾಡಿದ್ದ. ಅಲ್ಲಿ ಉಂಡು ಎಲೆ ಮಡಿಸಿದ್ದ ಜನವೇ ಭಕ್ತಿಯಿಂದ ಹೌದೌದು ಎಂದಿದ್ದರು.

ಯಾಕೆ ಬಿಟ್ಟರು ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಪುಟ್ಟರಾಜುವಿನ ಮಗಳು ಶ್ವೇತಳ ಬೀಗರೂಟ ನೆನಪಿಗೆ ಬಂತು. ಅಂದು ಅವನು ಅಡಿಗೆಯವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಲಿವರೆಲ್ಲಿ ಹೋಯಿತು ಎಂದು ಕೇಳಿ, ಅಡಿಗೆಯವನ ಚೀಲ ಬಿಚ್ಚಿಸಿ ನೋಡಿದ. ಅಷ್ಟಕ್ಕೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಎಲೆ ಮುಂದೆ ಕೂತ ಗಂಡಿನ ತಂದೆಯ ಹತ್ತಿರ ಹೋಗಿ, "ಬೀಗ್ರೇ, ಎಲ್ಡು ಬಸ್ಸು ಜನ ಅಂದಿದ್ರಿ, ಮೂರ್ನೇ ಬಸ್ಸು ಯಾರ್ದು?" ಎಂದು ಕೇಳಿದ್ದ. ಬೀಗರು ಕಲಸಿದ ಕೈ ಕೊಡವಿ ಎದ್ದಿದ್ದರು. ಅವರನ್ನು ಮತ್ತೆ ಕೂರಿಸಲು ಪುಟ್ಟರಾಜು ಊರವರೆಲ್ಲರ ಮುಂದೆ ಅವರ ಕಾಲು ಮುಟ್ಟಬೇಕಾಯಿತು. ಸಿದ್ದರಾಮುವಿನ ಲೆಕ್ಕದಲ್ಲಿ ಅದು ಜವಾಬ್ದಾರಿ. ಉಳಿದವರ ಲೆಕ್ಕ ಬೇರೆ ಇತ್ತೆಂದು ಅವನಿಗೆ ಈಗ ಆಕಾಶದಿಂದ ತಿಳಿದುಬಂತು.

"ಇದು ಟೆಂಟ್ ಇದ್ದ ಹಾಗಿದೆ," ಅಂದಳು ಶೋಭಿತಾ. "ಟೆಂಟಾದ್ರೆ ಅಳಿಸಬಹುದು. ಆದ್ರೆ ನಾನು ಊಹೆ ಮೇಲೆ ಅಳಿಸೋ ಹಾಗಿಲ್ಲ. ಅವತ್ತು ಕಣ್ಣಾರೆ ಕಂಡವರು ಏನು, ಯಾಕೆ ಹಾಕಿದ್ರು ಅಂತ ಹೇಳ್ಬೇಕು. ಜಾಗ ನಿಮ್ಮ ಮಗಳದು, ನೀವೇ ಹೇಳಿ. ಇಲ್ಲಾಂದ್ರೆ ಖಚಿತವಾಗಿಲ್ಲ ಅಂತ ಹಾಕಿ ಹೋಗ್ತೀನಿ. ಮುಂದಿನ ಸಲ ಚಿತ್ರ ತೆಗೆಯೋವರೆಗೂ ಕಟ್ಟಡ ಹಾಗೇ ಇರುತ್ತೆ."

"ಮುಂದಿನ ಸಲ ಅಂದ್ರೆ?"

"ಗೊತ್ತಿಲ್ಲ. ವರ್ಷ ಆಗ್ಬಹುದು, ಎರಡೂ ಆಗ್ಬಹುದು."

ಜನರೆಲ್ಲ ಸಿದ್ದರಾಮುವಿನ ಬಾಯನ್ನೇ ನೋಡಿದರು. ಕಂಡೆ ಅಂದರೆ ಸಾಕಿತ್ತು. ಯಾರೂ ಸುಳ್ಳೆನ್ನುತ್ತಿರಲಿಲ್ಲ, ಪುಟ್ಟರಾಜು ತಾನೇ ಮುಂದೆ ಬಂದು, ಹೌದು, ಅಣ್ಣನೇ ನಿಂತು ಬಡಿಸಿದ ಅನ್ನುತ್ತಿದ್ದ. ಆದರೆ ಜೀವಮಾನದಲ್ಲಿ ಬೇರೆಯವರು ಕಂಡದ್ದನ್ನು ಒಮ್ಮೆಯೂ ನಂಬದ ಮನುಷ್ಯ, ತಾನು ಕಾಣದ್ದನ್ನು ಕಂಡೆ ಎಂದು ಹೇಗೆ ಹೇಳುವುದು? ಗೊತ್ತಿಲ್ಲ ಎಂದರೆ ಮಾನ ಉಳಿಯುತ್ತದೆ, ಕಟ್ಟಡವೂ ಉಳಿಯುತ್ತದೆ. ಗಗನ ಯುಗಾದಿಗೆ ಮಂಚ ಪಾತ್ರೆ ಹೊತ್ತುಕೊಂಡು ಇನ್ನೊಂದು ಬಾಡಿಗೆ ಮನೆ ಹುಡುಕಬೇಕು.

ಸಿದ್ದರಾಮು ಟವೆಲನ್ನು ಹೆಗಲಿಂದ ತೆಗೆದು, ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡ. ಮೆಂಬರ್ ಆಗಿದ್ದಾಗ ಭಾಷಣಕ್ಕೆ ಮುಂಚೆ ಹಾಗೆ ಮಾಡುತ್ತಿದ್ದ. ಮಾತು ಮಾತ್ರ ಭಾಷಣದ ಧ್ವನಿಯಲ್ಲಿ ಹೊರಡಲಿಲ್ಲ.

"ನಾನ್ ಕಂಡಿಲ್ಲ ಕಣವ್ವ. ನಾನ್ ಇರ್ನಿಲ್ಲ. ನನ್ನ ಕರೀನೂ ಇಲ್ಲ," ಅಂದ. ಮತ್ತೆ ಪುಟ್ಟರಾಜುವಿನ ಕಡೆ ಗದ್ದ ತೋರಿಸಿದ. "ಅವ್ನ ಕೇಳು. ಅವ್ನ ಮಗನ ಬೀಗರೂಟ. ಶಾಮಿಯಾನ ಅವ್ನೇ ಹಾಕ್ಸಿದ್ದು."

ಪುಟ್ಟರಾಜು ನೆಲ ನೋಡಿದ. "ಔದು," ಅಂದ. "ನಾನೇ ಹಾಕ್ಸಿದ್ದು. ಅಣ್ಣಂಗೆ ಯೋಳ್ನಿಲ್ಲ. ಅದು ನಂದೇ ತಪ್ಪು ಅಂತ ಬರ್ಕೊಳ್ಳವ್ವ."

"ತಪ್ಪು ಯಾರದು ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ," ಅಂದಳು ಶೋಭಿತಾ. "ತಾತ್ಕಾಲಿಕ ಚಪ್ಪರ ಅಂತ ಹಾಕ್ತೀನಿ. ಇನ್ನೊಬ್ಬರು ಸಾಕ್ಷಿ?"

ಅಲ್ಲಿಗೆ ಕಟ್ಟೆಯೊಡೆಯಿತು. ಒಂದು ವರ್ಷ ಬಾಯಿ ಹೊಲಿದುಕೊಂಡಿದ್ದ ಊರು ಒಟ್ಟಿಗೆ ಸಾಕ್ಷಿ ಹೇಳತೊಡಗಿತು. ಯಶೋದಮ್ಮ ತಾನು ಎರಡನೇ ಪಂಕ್ತಿಯಲ್ಲಿ ಕೂತದ್ದನ್ನೂ ಅಲ್ಲಿ ಕೈಮ ಉಂಡೆ ಸಾಲದೆ ಹೋದದ್ದನ್ನೂ ಹೇಳಿದಳು. ಒಬ್ಬರು ಶಾಮಿಯಾನದ ಗೂಟ ಹೊಡೆದ ಜಾಗ ತೋರಿಸಿದರು, ಇನ್ನೊಬ್ಬರು ಅದಲ್ಲ ಇದು ಎಂದು ಬೇರೆ ಜಾಗ ತೋರಿಸಿದರು. ನೆತ್ತಿಯ ಮೇಲೆ ಸಣ್ಣದೊಂದು ವಿಮಾನ ಹೋಗಿಬಂದು ಮಾಡುತ್ತಿತ್ತು, ನಾವು ಯಾರೋ ಮಂತ್ರಿ ಅಂದುಕೊಂಡು ಕೈ ಬೀಸಿದೆವು ಎಂದ ಯತೀಶ್. ಶೋಭಿತಾ ಒಬ್ಬರು ಸಾಕು, ಒಬ್ಬರು ಸಾಕು ಎನ್ನುತ್ತಿದ್ದರೂ ಯಾರೂ ಬಿಡಲಿಲ್ಲ.

ಸಿದ್ದರಾಮು ನಡುವೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಅಭ್ಯಾಸಬಲದಿಂದ ಒಂದೆರಡು ಕಡೆ ಅಡ್ಡಪ್ರಶ್ನೆಯನ್ನೂ ಹಾಕಿದ. "ಎಲ್ಡ್ನೇ ಪಂಕ್ತೀಲೇ ಉಂಡೆ ಮುಗುದ್ರೆ ಮೂರ್ನೇ ಪಂಕ್ತಿಗೆ ಏನಾಕುದ್ರಿ?" ಎಂದು ಕೇಳಿದ. ಯಶೋದಮ್ಮ, "ಅದ್ಕೇ ಕಣಪ್ಪ ನಿನ್ನ ಕರೀದೇ ಇದ್ದಿದ್ದು," ಅಂದಳು. ಮೊದಲು ನಕ್ಕದ್ದು ಯಾರೆಂದು ಸಿದ್ದರಾಮು ನೋಡಿಕೊಳ್ಳಲಿಲ್ಲ.

ಶೋಭಿತಾ ಚೌಕದ ಮೇಲೆ ಬೆರಳಿಟ್ಟಳು. ಗೆರೆ ಹೋಯಿತು. ಕೆಳಗಿನ ಚಿತ್ರದಲ್ಲಿ ಶಾಮಿಯಾನ ಮಾತ್ರ ಹಾಗೇ ಉಳಿಯಿತು.

"ಅದೂ ಅಳ್ಸು."

"ಚಿತ್ರ ನನ್ನ ಕೈಯಲ್ಲಿಲ್ಲ. ನಕ್ಷೇಲಿ ಈಗ ನಿಮ್ಮ ಕಣ ಖಾಲಿ. ಸಾಲದವರು ನೋಡೋದು ಅಷ್ಟೇ."

ಸಾಲದವರು ಅಷ್ಟೇ ನೋಡಿದರು. ಪುನೀತ್ ಮತ್ತೆ ಬಂದು, ಅದೇ ನೆಲದ ಮೇಲೆ ನಿಂತು, ಮೊಬೈಲ್ ನೋಡಿ ಸರಿಯಾಗಿದೆ ಎಂದ. ಪಾಯದ ಗೂಟ ಹೊಡೆಯುವ ದಿನ ಪುಟ್ಟರಾಜು ಬೆಳಿಗ್ಗೆಯೇ ಹಾರೆ ತಂದು ರೋಣಗಲ್ಲನ್ನು ಒಬ್ಬನೇ ಉರುಳಿಸತೊಡಗಿದ. ಸಿದ್ದರಾಮು ಸ್ವಲ್ಪ ಹೊತ್ತು ಅವನು ಸರಿಯಾಗಿ ಉರುಳಿಸುತ್ತಾನೋ ಇಲ್ಲವೋ ನೋಡಿ, ಆಮೇಲೆ ತಾನೂ ಕೈಕೊಟ್ಟ. ಕಲ್ಲು ಮಾತಾಡಿಕೊಂಡು ಉರುಳಿಸುವಷ್ಟು ಹಗುರವಾಗಿರಲಿಲ್ಲ.

ಮಧ್ಯಾಹ್ನ ದೇವಿರಮ್ಮ ನೀರು ತಂದಳು. ಸಿದ್ದರಾಮು ಜೇಬಿನಿಂದ ಮೊಬೈಲ್ ತೆಗೆದ. ಗಗನಳಿಂದ ಆ ಚಿತ್ರವನ್ನು ಅದರಲ್ಲಿ ಹಾಕಿಸಿಕೊಂಡಿದ್ದ.

"ಇದ್ರಲ್ಲಿ ನೀನೆಲ್ಲಿದ್ದೀಯೆ, ತೋರ್ಸು."

ಆಕೆ ಬೇಡವೆನ್ನಲಿಲ್ಲ. ಕಣ್ಣು ಕಿರಿದು ಮಾಡಿ, ಒಲೆಯ ಪಕ್ಕದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟಳು. "ಇದು ನಾನೇ ಇರ್ಬೇಕು. ಕ್ಯಾರಿಯರ್ ತುಂಬುಸ್ತಾ ಇದ್ದೆ."

"ಯಾರ್ಗೆ ಕ್ಯಾರಿಯರ್ರು?"

"ನಿಮ್ಗೇ. ಯತೀಶ ಬೈಕಲ್ಲಿ ಮಳವಳ್ಳಿಗೆ ತಗೊಂಡೋಗಿ ಕೊಟ್ಟ. ಗಗನ ತಾನೇ ಮಾಡಿದ್ದು ಅಂತ ಬಡುಸ್ಲಿಲ್ವ, ಕಪ್ ಕನ್ನಡ್ಕ ಹಾಕ್ಕೊಂಡು ಎಲ್ಡು ಮುದ್ದೆ ಉಂಡ್ರಂತಲ್ಲ. ಏನೂ ಕೇಳ್ದೆ ಉಂಡ್ರು ಅಂತ ಅವ್ಳು ಪೋನ್ ಮಾಡಿ ಯೋಳುದ್ಲು."

ಪುಟ್ಟರಾಜು ಹಾರೆಯನ್ನು ನೆಲಕ್ಕೆ ಊರಿ ಬೇರೆ ಕಡೆ ನೋಡುತ್ತಾ ನಿಂತ.

ಸಿದ್ದರಾಮು ಚುಕ್ಕೆಯನ್ನು ಬಹಳ ಹೊತ್ತು ನೋಡಿದ. ಅದನ್ನು ಹಿಗ್ಗಿಸಲು ಹೋದ, ಅದು ಮಸುಕಾಯಿತು. ಮೊಬೈಲನ್ನು ಜೇಬಿಗಿಳಿಸಿ, ಚೊಂಬೆತ್ತಿ ನೀರು ಕುಡಿದು, ಬಾಯಿ ಒರೆಸಿಕೊಂಡ.

"ಅದ್ಕೇ ಮತ್ತೆ," ಅಂದ. "ಉಪ್ಪು ಒಂಚೂರು ಮುಂದಾಗಿತ್ತು."